ಪದಚರ್ಚೆ: ‘ಮೇರಿ’, ‘ಮಿಸ್ ಹ್ಯಾಮಿಲ್ಟನ್’ ಮತ್ತು ನಮ್ಮ ಏಕವಚನ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಮೆರಿಕದ ಕಪ್ಪು ಜನರು ನಾಗರಿಕ ಹಕ್ಕುಗಳಿಗಾಗಿ ನಡೆಸಿದ ಹೋರಾಟದ ಕೆಲವು ನ್ಯಾಯಾಲಯ ಪ್ರಕರಣಗಳನ್ನು ನಮ್ಮ ಕಾನೂನು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುವ ಕೆಲಸದಲ್ಲಿ ತೊಡಗಿದ್ದೇನೆ. ತೀರ್ಪುಗಳ ಕಾನೂನು ಭಾಗಕ್ಕೆ ಪದಗಳನ್ನು ಹೊಂದಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ‘ಸಮಾನ ರಕ್ಷಣೆ’, ‘ನ್ಯಾಯಾಂಗ ನಿಂದನೆ’, ‘ಮೇಲ್ಮನವಿ’ ಇವೆಲ್ಲ ನಮ್ಮ ಕೋರ್ಟುಗಳಲ್ಲೂ ಪತ್ರಿಕೆಗಳಲ್ಲೂ ದಿನವೂ ಓಡಾಡುವ ಮಾತುಗಳು. ನನ್ನನ್ನು ತಡೆದು ನಿಲ್ಲಿಸಿರುವುದು ಸಂಬೋಧನೆ, ಅಂದರೆ ಒಬ್ಬರು ಇನ್ನೊಬ್ಬರನ್ನು ಏನೆಂದು ಕರೆಯುತ್ತಾರೆ ಎಂಬ ಮಾತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವರ್ಣಭೇದವು ಶಾಲೆ, ರೈಲು, ಮತಗಟ್ಟೆಗಳಲ್ಲಿ ಕಾನೂನಾಗಿ ಬದುಕಿದ ಹಾಗೆಯೇ ಕರೆಯುವ ಬಾಯಿಯಲ್ಲಿ ರೂಢಿಯಾಗಿಯೂ ಬದುಕಿತ್ತು. ಆ ರೂಢಿಯನ್ನು ಕನ್ನಡಕ್ಕೆ ತರಲು ಹೊರಟಾಗ ನಮ್ಮ ಭಾಷೆಯಲ್ಲಿ ಅದಕ್ಕೆ ಬೇಕಾದ ಸಾಧನ ಬೇಕಾದ್ದಕ್ಕಿಂತ ಹೆಚ್ಚೇ ಇದೆಯೇನೋ ಎನಿಸಿತು. ಅದನ್ನು ಎಷ್ಟು ಬಳಸಬೇಕು, ಎಲ್ಲಿ ಬಳಸಬಾರದು ಎಂಬುದೇ ನನ್ನ ಪ್ರಶ್ನೆ.

ಪ್ರಕರಣ ಹೀಗಿದೆ. 1963ರ ಜೂನ್ ತಿಂಗಳಲ್ಲಿ ಅಲಬಾಮಾ ರಾಜ್ಯದ ಗ್ಯಾಡ್ಸ್‌ಡೆನ್ ಪಟ್ಟಣದ ನ್ಯಾಯಾಲಯದಲ್ಲಿ ಮೇರಿ ಹ್ಯಾಮಿಲ್ಟನ್ ಎಂಬ ಕಪ್ಪು ಮಹಿಳೆ ಸಾಕ್ಷಿ ಕಟ್ಟೆಯಲ್ಲಿ ನಿಂತಿದ್ದರು. ಅವರು ಜನಾಂಗೀಯ ಸಮಾನತೆಗಾಗಿ ದುಡಿಯುತ್ತಿದ್ದ ‘ಕೋರ್’ ಸಂಘಟನೆಯ ಕ್ಷೇತ್ರ ಕಾರ್ಯದರ್ಶಿ. ಪ್ರತಿಭಟನೆಗಳಲ್ಲಿ ಬಂಧಿತರಾದವರ ಕುರಿತ ವಿಚಾರಣೆ ಅದು. ಸರ್ಕಾರದ ಪರ ವಕೀಲರು ಮೊದಲು ದಯವಿಟ್ಟು ಹೆಸರು ಹೇಳಬೇಕೆಂದು ಕೇಳಿದರು. ಅವರು ‘ಮಿಸ್ ಮೇರಿ ಹ್ಯಾಮಿಲ್ಟನ್’ ಎಂದರು. ವಕೀಲರು ಮುಂದಿನ ಪ್ರಶ್ನೆಯನ್ನೇ ‘ಮೇರಿ’ ಎಂದು ಶುರುಮಾಡಿ, ಬಂಧಿಸಿದವರು ಯಾರೆಂದು ಕೇಳಿದರು. ತನ್ನ ಹೆಸರು ಮಿಸ್ ಹ್ಯಾಮಿಲ್ಟನ್, ಸರಿಯಾಗಿ ಸಂಬೋಧಿಸಿ ಎಂಬ ಉತ್ತರ ಬಂತು. ವಕೀಲರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು, ಈ ಸಲ ‘ಮೇರಿ’ ಎಂಬುದನ್ನು ಕೊನೆಗೆ ಹಾಕಿ. ಸರಿಯಾಗಿ ಕರೆಯುವವರೆಗೂ ಉತ್ತರಿಸುವುದಿಲ್ಲ ಎಂದು ಸಾಕ್ಷಿ ಹೇಳಿದರು, ಅವರ ವಕೀಲರೂ ನಡುವೆ ಬಾಯಿ ಹಾಕಿ ಸಾಕ್ಷಿಯ ಹೆಸರು ಮಿಸ್ ಹ್ಯಾಮಿಲ್ಟನ್ ಎಂದು ನೆನಪಿಸಿದರು. ನ್ಯಾಯಾಧೀಶರು ಉತ್ತರಿಸುವಂತೆ ಆಜ್ಞಾಪಿಸಿದರು. ಅವರು ಮಣಿಯದಿದ್ದಾಗ ಅಲ್ಲೇ, ಆಗಲೇ, ನ್ಯಾಯಾಂಗ ನಿಂದನೆಯ ತಪ್ಪಿಗೆ 5 ದಿನಗಳ ಜೈಲು ಮತ್ತು 50 ಡಾಲರ್ ದಂಡ ವಿಧಿಸಿದರು.

ಅಲಬಾಮಾದ ಸರ್ವೋನ್ನತ ನ್ಯಾಯಾಲಯ ಈ ಶಿಕ್ಷೆಯನ್ನು ಎತ್ತಿಹಿಡಿಯುತ್ತ ನೀಡಿದ ಕಾರಣವನ್ನು ನಮ್ಮ ಬಳಗದವರು ಗಮನಿಸಬೇಕು. ದಾಖಲೆಯ ಪ್ರಕಾರ ಅರ್ಜಿದಾರರ ಹೆಸರು ಮೇರಿ ಹ್ಯಾಮಿಲ್ಟನ್, ‘ಮಿಸ್ ಮೇರಿ ಹ್ಯಾಮಿಲ್ಟನ್’ ಅಲ್ಲ. ಒಬ್ಬರನ್ನು ಅವರದೇ ಹೆಸರಿನಿಂದ ಕರೆಯುವುದು ಕಾನೂನಿನಲ್ಲಿ ಸ್ವೀಕಾರಾರ್ಹ ಎಂಬುದು ಆ ಕಾರಣ. ಅಂದರೆ ಅವಮಾನವೇ ಆಗಿಲ್ಲ, ಇರುವ ಹೆಸರನ್ನು ಹೇಳಿದ್ದಷ್ಟೇ ಎಂದಾಯಿತು. ಮುಂದೆ ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಘಟನೆಯ ಹೆಸರಿನ ಕಾನೂನು ರಕ್ಷಣಾ ನಿಧಿ ಈ ಪ್ರಕರಣವನ್ನು ವಾಷಿಂಗ್ಟನ್ನಿಗೆ ಒಯ್ದಿತು. 1964ರ ಮಾರ್ಚ್ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಮಾಡಿತು. ತೀರ್ಪಿನಲ್ಲಿ ವಿವರಣೆ ಎಂಬುದೇ ಇಲ್ಲ. ಹಿಂದಿನ ವರ್ಷದ ಇನ್ನೊಂದು ತೀರ್ಪನ್ನು ಉಲ್ಲೇಖಿಸಿ ಮುಗಿಸಿದ್ದಾರೆ. ಆ ಹಿಂದಿನ ತೀರ್ಪು ವರ್ಜೀನಿಯಾದ್ದು. ಅಲ್ಲಿನ ಕೋರ್ಟಿನಲ್ಲಿ ಕಪ್ಪು ಜನರಿಗೆಂದು ಗುರುತಿಸಿದ್ದ ಆಸನಗಳ ಕಡೆ ಕೂರಲು ಒಪ್ಪದ ಒಬ್ಬರಿಗೆ ನಿಂದನೆಯ ಶಿಕ್ಷೆಯಾಗಿತ್ತು. ಎರಡನ್ನೂ ಜೋಡಿಸಿ ಓದಿದರೆ ಕೋರ್ಟು ಹೇಳದೆ ಹೇಳಿದ್ದು ತಿಳಿಯುತ್ತದೆ: ಬೇರೆ ಕುರ್ಚಿಯಲ್ಲಿ ಕೂರಿಸುವುದೂ ಬೇರೆ ರೀತಿಯಲ್ಲಿ ಕರೆಯುವುದೂ ಒಂದೇ ಜಾತಿಯ ತಪ್ಪು.

ಈಗ ಕನ್ನಡದ ತೊಡಕಿಗೆ ಬರುತ್ತೇನೆ. ಮೊದಲ ಕರಡಿನಲ್ಲಿ ವಕೀಲರ ಮಾತನ್ನು ಹೀಗೆ ಬರೆದೆ: “ಮೇರಿ, ನಿಮ್ಮನ್ನು ಬಂಧಿಸಿದವರು ಯಾರು?” ಇದನ್ನು ಓದಿದ ಕಿರಿಯ ಗೆಳೆಯರೊಬ್ಬರಿಗೆ ಇದರಲ್ಲಿ ತಪ್ಪೇನಿದೆ ಎಂದೇ ಅರ್ಥವಾಗಲಿಲ್ಲ. ಅವರ ಬೆಂಗಳೂರಿನ ಕಚೇರಿಯಲ್ಲಿ ಮ್ಯಾನೇಜರನ್ನೂ ಬರಿಯ ಹೆಸರಿನಿಂದಲೇ ಕರೆಯುತ್ತಾರೆ, ಜತೆಗೆ ‘ನೀವು’ ಇದ್ದರಾಯಿತು. ಹೆಸರಿನ ಹಿಂದೆಮುಂದೆ ಏನೂ ಇಲ್ಲದಿರುವುದು ಅವರ ತಲೆಮಾರಿಗೆ ಅಗೌರವವಾಗಿ ಕೇಳಿಸುವುದಿಲ್ಲ. ಕನ್ನಡದಲ್ಲಿ ಗೌರವದ ಭಾರ ಹೆಸರಿಗಿಂತ ಹೆಚ್ಚಾಗಿ ಸರ್ವನಾಮದ ಮೇಲೆ, ಕ್ರಿಯಾಪದದ ಮೇಲೆ ಕೂತಿದೆ. ಹಾಗಾಗಿ ಎರಡನೆಯ ಕರಡಿನಲ್ಲಿ “ಮೇರಿ, ನಿನ್ನನ್ನು ಬಂಧಿಸಿದ್ದು ಯಾರು?” ಎಂದು ಬದಲಿಸಿದೆ. ಆಗ ಯಾರಿಗೂ ವಿವರಣೆ ಬೇಕಾಗಲಿಲ್ಲ. ಬಾಲ್ಯದಲ್ಲಿ ತಂದೆಯನ್ನೋ ತಾಯಿಯನ್ನೋ ಯಾರಾದರೂ ಹೊರಗಿನವರು ಏಕವಚನದಲ್ಲಿ ಮಾತಾಡಿಸಿದ್ದನ್ನು ಕೇಳಿ ಕಿವಿ ಬಿಸಿಯಾದ ಕನ್ನಡಿಗರಿಗೆ ಮಿಸ್ ಹ್ಯಾಮಿಲ್ಟನ್ ಏಕೆ ಉತ್ತರ ಕೊಡಲಿಲ್ಲ ಎಂಬುದು ತಕ್ಷಣ ಹೊಳೆಯುತ್ತದೆ.

ಆದರೆ ಈ ಎರಡನೆಯ ಕರಡು ಬೇರೊಂದು ಅನ್ಯಾಯ ಮಾಡುತ್ತದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯು’. ಆ ವಕೀಲರ ವಾಕ್ಯವನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ಅಲ್ಲಿ ಒರಟುತನ ಸಿಗುವುದಿಲ್ಲ. ಮೊದಲ ಪ್ರಶ್ನೆಯಲ್ಲಂತೂ ‘ದಯವಿಟ್ಟು’ ಕೂಡ ಇದೆ. ಅವಮಾನ ಇದ್ದದ್ದು ಇಲ್ಲದಿರುವುದರಲ್ಲಿ: ಬಿಳಿಯ ಹೆಂಗಸಾಗಿದ್ದರೆ ಆ ಕೋರ್ಟಿನಲ್ಲಿ ಯಾರೂ ಕೇಳದೆಯೇ ದೊರಕುತ್ತಿದ್ದ ‘ಮಿಸ್’ ಅಥವಾ ‘ಮಿಸೆಸ್’ ಇವರ ಪಾಲಿಗೆ ಇರಲಿಲ್ಲ. ಮಾಡಿದ ಅವಮಾನವನ್ನು ‘ಹೆಸರು ಹಿಡಿದು ಕರೆದೆ, ಅಷ್ಟೇ’ ಎಂದು ಅಲ್ಲಗಳೆಯಲು ದಾರಿ ಇಟ್ಟುಕೊಂಡೇ ಆ ರೂಢಿ ನಡೆಯುತ್ತಿತ್ತು, ಆ ದಾರಿಯಲ್ಲೇ ಅಲಬಾಮಾದ ಮೇಲಿನ ಕೋರ್ಟೂ ನಡೆಯಿತು. ಕನ್ನಡದಲ್ಲಿ ‘ನಿನ್ನನ್ನು’ ಎಂದು ಬರೆದ ಕೂಡಲೇ ವಕೀಲರು ಎಲ್ಲರ ಕಣ್ಣಿಗೂ ಕಾಣುವ ದುರಹಂಕಾರಿಯಾಗುತ್ತಾರೆ, ಅಲ್ಲಗಳೆಯಲು ಅವರಿಗೆ ಏನೂ ಉಳಿಯುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಓದಿ, ವರ್ಣಭೇದವೆಂದರೆ ಕೆಟ್ಟ ನಾಲಿಗೆಯ ಕೆಲವು ಜನರ ನಡವಳಿಕೆ ಎಂದು ತಿಳಿದರೆ, ಪಾಠದ ಉದ್ದೇಶವೇ ಕೆಡುತ್ತದೆ. ಸಭ್ಯರೆನಿಸಿಕೊಂಡವರು, ದನಿ ಏರಿಸದೆ, ದಯವಿಟ್ಟು ಎನ್ನುತ್ತ ನಡೆಸಿದ ವ್ಯವಸ್ಥೆ ಅದು.

ಮೂರನೆಯ ದಾರಿ ಒಂದಿದೆ. ಎದುರಿನವರಿಗೆ ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಗೊತ್ತಾಗದಿದ್ದಾಗ, ಅಥವಾ ‘ನೀವು’ ಅನ್ನಲು ಮನಸ್ಸಿಲ್ಲದೆ ‘ನೀನು’ ಅನ್ನಲು ಧೈರ್ಯವಿಲ್ಲದಿದ್ದಾಗ, ನಾವು ಕನ್ನಡಿಗರು ಸರ್ವನಾಮವನ್ನೇ ನುಂಗಿಬಿಡುತ್ತೇವೆ. “ಎಲ್ಲಿಂದ ಬಂದಿದ್ದು?”, “ಊಟ ಆಯ್ತಾ?”, “ಹೆಸರೇನು?” ಈ ವಾಕ್ಯಗಳಲ್ಲಿ ವಚನದ ಗುರುತೇ ಇಲ್ಲ. ಊರಿನ ಹಿರಿಯ ಕೂಲಿಯಾಳನ್ನು ಮಾತಾಡಿಸುವಾಗ ಎಷ್ಟೋ ಮನೆಗಳಲ್ಲಿ ಈ ಜಾಣ ವಾಕ್ಯಗಳೇ ಬಳಕೆಯಾಗುತ್ತಿದ್ದುದನ್ನು ಬಳಗದ ಹಲವರು ಕಂಡಿರುತ್ತೀರಿ. ಗ್ಯಾಡ್ಸ್‌ಡೆನ್ನಿನ ವಕೀಲರ ಮಾತಿಗೆ ಇದು ಹೊಂದುತ್ತದೆ ಎಂಬುದು ನನ್ನ ಈಗಿನ ಅಭಿಪ್ರಾಯ:

“ಹೆಸರು, ದಯವಿಟ್ಟು?”
“ಮಿಸ್ ಮೇರಿ ಹ್ಯಾಮಿಲ್ಟನ್.”
“ಮೇರಿ, ಬಂಧಿಸಿದ್ದು ಯಾರು?”
“ನನ್ನ ಹೆಸರು ಮಿಸ್ ಹ್ಯಾಮಿಲ್ಟನ್. ದಯವಿಟ್ಟು ಸರಿಯಾಗಿ ಸಂಬೋಧಿಸಿ.”
“ಬಂಧಿಸಿದ್ದು ಯಾರು, ಮೇರಿ?”

ಇಲ್ಲಿ ವಕೀಲರ ಬಾಯಿಂದ ಒಂದೂ ಏಕವಚನ ಬಂದಿಲ್ಲ, ಬಹುವಚನವೂ ಬಂದಿಲ್ಲ. ಸಾಕ್ಷಿಯ ಬಾಯಿಂದ ಮಾತ್ರ ‘ಸಂಬೋಧಿಸಿ’ ಎಂಬ ಬಹುವಚನ ಬರುತ್ತದೆ. ಅವರು ಕೊಡುತ್ತಿರುವ ಗೌರವ ಅವರಿಗೆ ತಿರುಗಿ ಬರುತ್ತಿಲ್ಲ ಎಂಬುದನ್ನು ಓದುಗರು ತಾವೇ ಕಂಡುಕೊಳ್ಳಬಹುದು. ಕಂಡುಕೊಳ್ಳುತ್ತಾರೆಯೇ, ಅಥವಾ ಇದು ಅನುವಾದಕನ ಕಣ್ಣಿಗೆ ಮಾತ್ರ ಕಾಣುವ ಸೂಕ್ಷ್ಮವೇ? ದಯವಿಟ್ಟು ಗಟ್ಟಿಯಾಗಿ ಓದಿ ನೋಡಿ ತಿಳಿಸಿ. ‘ಮಿಸ್’ ಎಂಬುದನ್ನು ಹಾಗೆಯೇ ಉಳಿಸಿದ್ದೇನೆ. ‘ಕುಮಾರಿ ಹ್ಯಾಮಿಲ್ಟನ್’ ಎಂದರೆ ಅರ್ಜಿ ನಮೂನೆಯ ಅಥವಾ ಬಹುಮಾನ ವಿತರಣೆಯ ವೇದಿಕೆಯ ಧಾಟಿ ಬರುತ್ತದೆ. ‘ಹ್ಯಾಮಿಲ್ಟನ್ ಅವರೇ’ ಎಂಬುದು ಸಹಜ ಕನ್ನಡ, ಆದರೆ ತನ್ನ ಹೆಸರು ಹೇಳುವಾಗ ಯಾರೂ ತಮಗೆ ತಾವೇ ‘ಅವರು’ ಸೇರಿಸಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ‘ಮಿಸ್ ಮೇರಿ ಹ್ಯಾಮಿಲ್ಟನ್’ ಎಂದು ತಾವೇ ಹೇಳಿಕೊಳ್ಳಬಹುದು. ಆ ಸೌಲಭ್ಯ ನಮ್ಮಲ್ಲಿಲ್ಲ.

ಇದು ಒಬ್ಬ ವಕೀಲರ ಅಭ್ಯಾಸವಾಗಿರಲಿಲ್ಲ ಎಂಬುದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. ಗುಲಾಮಗಿರಿ 1865ರಲ್ಲಿ 13ನೇ ತಿದ್ದುಪಡಿಯಿಂದ ಕೊನೆಗೊಂಡರೂ ಕರೆಯುವ ರೀತಿ ಬದಲಾಗಲಿಲ್ಲ. ದಕ್ಷಿಣದ ಬಹಳಷ್ಟು ಪತ್ರಿಕೆಗಳು ಕಪ್ಪು ಮಹಿಳೆಯರ ಹೆಸರಿನ ಮುಂದೆ ‘ಮಿಸೆಸ್’ ಹಾಕುತ್ತಿರಲಿಲ್ಲ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮನೆಯ ಹಿಂಬಾಗಿಲಲ್ಲಿ ಬಿಳಿಯ ಮಗು ಕೂಡ ಕಪ್ಪು ವೃದ್ಧರನ್ನು ಮೊದಲ ಹೆಸರಿನಿಂದ ಕರೆಯುತ್ತಿತ್ತು, ಅವರು ಆ ಮಗುವಿಗೂ ‘ಸರ್’, ‘ಮ್ಯಾಮ್’ ಅನ್ನಬೇಕಿತ್ತು. ಪುಲ್ಮನ್ ಕಂಪನಿಯ ಮಲಗುವ ರೈಲುಡಬ್ಬಿಗಳಲ್ಲಿ ದುಡಿಯುತ್ತಿದ್ದ ಕಪ್ಪು ನೌಕರರನ್ನು ಪ್ರಯಾಣಿಕರು ‘ಜಾರ್ಜ್’ ಎಂದು ಕೂಗುತ್ತಿದ್ದರು; ಜಾರ್ಜ್ ಎಂಬುದು ಕಂಪನಿಯ ಒಡೆಯನ ಹೆಸರು, ಆಳಿಗೆ ಒಡೆಯನ ಹೆಸರು ಹಿಡಿಯುವ ಗುಲಾಮಗಿರಿಯ ಕಾಲದ ಪದ್ಧತಿ ರೈಲು ಹತ್ತಿ ಬಂದಿತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರು 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ, ಏಕೆ ಕಾಯಲಾರೆವು ಎಂದು ವಿವರಿಸುವ ಆ ಬಹು ದೀರ್ಘ ವಾಕ್ಯದಲ್ಲಿ, ಎಷ್ಟೇ ವಯಸ್ಸಾಗಿದ್ದರೂ ‘ಬಾಯ್’ ಎಂದೇ ಕರೆಸಿಕೊಳ್ಳುವುದನ್ನೂ ಹೆಂಡತಿಗೂ ತಾಯಿಗೂ ‘ಮಿಸೆಸ್’ ಎಂಬ ಮರ್ಯಾದೆ ಎಂದೂ ದೊರೆಯದಿರುವುದನ್ನೂ ಪೊಲೀಸ್ ದೌರ್ಜನ್ಯ, ಗುಂಪುಹತ್ಯೆಗಳ ಸಾಲಿನಲ್ಲೇ ಇಟ್ಟಿದ್ದಾರೆ. ಮಿಸ್ ಹ್ಯಾಮಿಲ್ಟನ್ ಸಾಕ್ಷಿ ಕಟ್ಟೆ ಏರಿದ್ದು ಅದಾದ ಎರಡು ತಿಂಗಳಿಗೆ, ಅದೇ ರಾಜ್ಯದಲ್ಲಿ.

ಎರಡನೆಯ ತೊಡಕು ‘ಅಂಕಲ್’ ಮತ್ತು ‘ಆಂಟಿ’. ಇದರಲ್ಲಿ ಕನ್ನಡ ಓದುಗರು ಖಂಡಿತ ಎಡವುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮಲ್ಲಿ ಪರಿಚಯವಿಲ್ಲದ ಹಿರಿಯರನ್ನು ಮಾವ, ಅತ್ತೆ, ಅಜ್ಜ, ಅಕ್ಕ ಎಂದು ನಂಟಿನ ಹೆಸರಿನಿಂದ ಕರೆಯುವುದು ಮರ್ಯಾದೆ. ಈಗ ಅದೇ ಜಾಗದಲ್ಲಿ ಅಂಕಲ್, ಆಂಟಿ ಬಂದು ಕೂತಿವೆ. ಅಮೆರಿಕದ ದಕ್ಷಿಣದಲ್ಲಿ ಬಿಳಿಯರು ವಯಸ್ಸಾದ ಕಪ್ಪು ಜನರನ್ನು ಇದೇ ಪದಗಳಿಂದ ಕರೆಯುತ್ತಿದ್ದುದು ‘ಮಿಸ್ಟರ್’, ‘ಮಿಸೆಸ್’ ಅನ್ನುವುದನ್ನು ತಪ್ಪಿಸಿಕೊಳ್ಳಲು. 1955ರ ಆಗಸ್ಟಿನಲ್ಲಿ ಶಿಕಾಗೋದಿಂದ ಮಿಸಿಸಿಪ್ಪಿಗೆ ಬಂದಿದ್ದ 14 ವರ್ಷದ ಎಮೆಟ್ ಟಿಲ್ ಎಂಬ ಬಾಲಕನನ್ನು ಬಿಳಿಯರು ಎಳೆದೊಯ್ದು ಕೊಂದದ್ದನ್ನು ಹಲವರು ಓದಿರುತ್ತೀರಿ. ಅವನನ್ನು ಎಳೆದೊಯ್ದದ್ದು ಬಂಧುಗಳಾದ ಮೋಸಸ್ ರೈಟ್ ಅವರ ಮನೆಯಿಂದ. ಆ ಸೆಪ್ಟೆಂಬರಿನಲ್ಲಿ ಸಮ್ನರ್ ಪಟ್ಟಣದ ಕೋರ್ಟಿನಲ್ಲಿ ಬಿಳಿಯರಿಂದ ತುಂಬಿದ ಸಭೆಯ ಎದುರು ರೈಟ್ ಅವರು ಎದ್ದು ನಿಂತು, ಬೆರಳು ಚಾಚಿ, ಬಾಲಕನನ್ನು ಒಯ್ದವರನ್ನು ತೋರಿಸಿದರು. ಕಪ್ಪು ಮನುಷ್ಯರೊಬ್ಬರು ಹಾಗೆ ಮಾಡಿ ಜೀವಸಹಿತ ಮನೆಗೆ ಹೋಗುವುದೇ ಅನುಮಾನವಾಗಿದ್ದ ಕಾಲ ಅದು. ಅವರನ್ನು ಪ್ರಶ್ನಿಸುತ್ತಿದ್ದ, ಆರೋಪಿಗಳಿಗೆ ಶಿಕ್ಷೆ ಕೊಡಿಸಬೇಕಾಗಿದ್ದ ಸರ್ಕಾರಿ ವಕೀಲರೇ ಅವರನ್ನು ಕರೆದದ್ದು ‘ಅಂಕಲ್ ಮೋಸ್’ ಎಂದು. ರೈಟ್ ಅವರಿಗೆ ಆಗ 64 ವರ್ಷ. ತೀರಿಕೊಂಡ ಬಾಲಕನಿಗೆ ಅವರು ನಿಜಕ್ಕೂ ಅಜ್ಜನ ಸ್ಥಾನದವರು. ಆ ನಂಟನ್ನು ಹೇಳಬಹುದಾಗಿದ್ದ ಪದ ಕೋರ್ಟಿನಲ್ಲಿ ಅವರ ಮರ್ಯಾದೆಯನ್ನು ತಗ್ಗಿಸುವ ಕೆಲಸಕ್ಕೆ ಬಳಕೆಯಾಯಿತು. ಬಿಳಿಯ ಗಂಡಸರೇ ತುಂಬಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು.

‘ಮೋಸ್ ಮಾವ’ ಎಂದು ಅನುವಾದಿಸಿದರೆ ಈ ದೃಶ್ಯ ಸಂಪೂರ್ಣ ತಲೆಕೆಳಗಾಗುತ್ತದೆ, ಸರ್ಕಾರಿ ವಕೀಲರು ಪ್ರೀತಿಯಿಂದ ಮಾತಾಡಿದಂತೆ ಕಾಣುತ್ತದೆ. ‘ಮುದುಕಪ್ಪ’ ಎಂಬ ಸಲಹೆಯೊಂದು ಬಂದಿದೆ. ಅದರಲ್ಲಿ ತಾತ್ಸಾರವೇನೋ ಇದೆ, ಆದರೆ ಮೂಲದ ಮುಖವಾಡ ಇಲ್ಲ. ಇಲ್ಲಿ ನಾನು ‘ಅಂಕಲ್’ ಅನ್ನು ಉಳಿಸಿ ಏಕವಚನವನ್ನು ಸೇರಿಸುವುದೇ ಸರಿ ಎಂದುಕೊಂಡಿದ್ದೇನೆ: “ಅಂಕಲ್ ಮೋಸ್, ಅಲ್ಲಿ ನೀನು ಯಾರನ್ನು ನೋಡಿದೆ?” ನಮ್ಮ ಬಳಕೆಯಲ್ಲಿ ಅಂಕಲ್ ಎಂಬ ಪದದ ಜತೆ ‘ನೀವು’ ಅಂಟಿಕೊಂಡೇ ಬರುತ್ತದೆ. ಹೊರಗಿನ ಹಿರಿಯರೊಬ್ಬರಿಗೆ ‘ಅಂಕಲ್, ನೀನು’ ಎಂದರೆ ಕನ್ನಡದ ಕಿವಿ ತಟ್ಟನೆ ಮುಗ್ಗರಿಸುತ್ತದೆ. ಮೇರಿ ಹ್ಯಾಮಿಲ್ಟನ್ ಪ್ರಕರಣದಲ್ಲಿ ಬೇಡವೆಂದ ಏಕವಚನವನ್ನು ಇಲ್ಲಿ ಬೇಕೆನ್ನುವುದು ಅಸಂಗತವೆಂದು ಯಾರಾದರೂ ಹೇಳಬಹುದು. ನನ್ನ ಸಮರ್ಥನೆ ಇಷ್ಟು: ಅಲ್ಲಿ ಬರಿಯ ಹೆಸರಿನ ತಣ್ಣನೆಯ ಅಗೌರವವನ್ನು ಕಾಪಾಡಬೇಕಿತ್ತು; ಇಲ್ಲಿ ಬೆಚ್ಚಗೆ ಕಾಣುವ ಪದವೊಂದು ಸುಳ್ಳು ಹೇಳುತ್ತಿದೆ, ಆ ಸುಳ್ಳನ್ನು ವಾಕ್ಯದೊಳಗೇ ಯಾವುದಾದರೂ ತೋರಿಸಿಕೊಡಬೇಕು. ಇದೇ ಪದಗಳು ಪ್ಯಾನ್‌ಕೇಕ್ ಹಿಟ್ಟಿನ ಮೇಲೆ ‘ಆಂಟ್ ಜೆಮೈಮಾ’ ಎಂದೂ ಅಕ್ಕಿಯ ಪೊಟ್ಟಣದ ಮೇಲೆ ‘ಅಂಕಲ್ ಬೆನ್ಸ್’ ಎಂದೂ ದಶಕಗಟ್ಟಲೆ ಮಾರಾಟವಾದವು, ಎರಡೂ ಕಂಪನಿಗಳು ಆ ಹೆಸರುಗಳನ್ನು ಕೈಬಿಡುವುದಾಗಿ ಘೋಷಿಸಿದ್ದು 2020ರಲ್ಲಿ. ಆ ಸುದ್ದಿಯನ್ನು ಓದಿದ ಕನ್ನಡಿಗರಲ್ಲಿ ಅನೇಕರಿಗೆ ‘ಆಂಟಿ’ ಎನ್ನುವುದರಲ್ಲಿ ಏನು ತಪ್ಪು ಎನಿಸಿದ್ದರೆ ಆಶ್ಚರ್ಯವಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಸಲಹೆಯನ್ನು ನಾನು ಒಪ್ಪಲಾರೆ. ಕಪ್ಪು ಜನರು ಬಿಳಿಯರಿಗೆ ಹೇಳಬೇಕಾಗಿದ್ದ ‘ಸರ್’ ಎಂಬುದಕ್ಕೆ ‘ಬುದ್ಧಿ’ ಎಂದೋ ‘ಧಣಿ’ ಎಂದೋ ಬರೆಯಿರಿ, ಓದುಗರಿಗೆ ಎದೆಗೆ ತಾಗುತ್ತದೆ ಎಂದು ಒಬ್ಬರು ಹೇಳಿದರು. ತಾಗುತ್ತದೆ ನಿಜ, ಆದರೆ ತಾಗುವುದು ಹಳೆ ಮೈಸೂರಿನ ಗೌಡರ ಅಂಗಳದ ನೆನಪು, ಅಲಬಾಮಾದ ಹತ್ತಿ ಹೊಲವಲ್ಲ. ಅಸ್ಪೃಶ್ಯತೆಯ ನೋವಿಗೂ ಅಮೆರಿಕದ ಕಪ್ಪು ಜನರ ನೋವಿಗೂ ಬಂಧುತ್ವವಿದೆ ಎಂಬುದನ್ನು ಅಲ್ಲಿನವರೂ ಇಲ್ಲಿನವರೂ ಗುರುತಿಸಿದ್ದಾರೆ. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಅಮೆರಿಕನ್ ವಿದ್ವಾಂಸರಾದ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಅಹವಾಲಿನ ಬಗ್ಗೆ ವಿಚಾರಿಸಿದ್ದರು. ಬಂಧುತ್ವವನ್ನು ಹೇಳುವುದು ಲೇಖನದ ಕೆಲಸ. ಒಂದರ ಪದವನ್ನು ಇನ್ನೊಂದರ ಬಾಯಿಗೆ ತುರುಕಿದರೆ ಎರಡರ ಚರಿತ್ರೆಯೂ ಮಸುಕಾಗುತ್ತದೆ. ಏಕವಚನಕ್ಕೆ ಊರಿಲ್ಲ, ಬುದ್ಧಿ ಎಂಬ ಪದಕ್ಕೆ ಊರಿದೆ.

ಮೂರನೆಯದು ‘ಬಾಯ್’. ಇದಕ್ಕೂ ಗ್ಯಾಡ್ಸ್‌ಡೆನ್ ಪಟ್ಟಣವೇ ಕಾರಣ. ಮಿಸ್ ಹ್ಯಾಮಿಲ್ಟನ್ ಪ್ರಕರಣದ ಹಲವು ದಶಕಗಳ ನಂತರ ಅದೇ ಊರಿನ ಕೋಳಿಮಾಂಸದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿದ್ದ ಇಬ್ಬರು ಕಪ್ಪು ನೌಕರರು ತಮಗೆ ಬಡ್ತಿ ತಪ್ಪಿದ್ದು ಬಣ್ಣದ ಕಾರಣಕ್ಕೆ ಎಂದು ದಾವೆ ಹೂಡಿದರು. ಬಡ್ತಿ ನಿರ್ಧರಿಸಿದ ವ್ಯವಸ್ಥಾಪಕರು ತಮ್ಮನ್ನು ‘ಬಾಯ್’ ಎಂದು ಕರೆಯುತ್ತಿದ್ದರು ಎಂಬುದು ಅವರು ಮುಂದಿಟ್ಟ ಸಾಕ್ಷ್ಯಗಳಲ್ಲೊಂದು. ‘ಬ್ಲ್ಯಾಕ್’ ಎಂಬಂಥ ವಿಶೇಷಣ ಜತೆಗಿದ್ದರೆ ಮಾತ್ರ ಅದು ಭೇದಭಾವದ ಸಾಕ್ಷ್ಯ, ಬರಿಯ ‘ಬಾಯ್’ ಸಾಕ್ಷ್ಯವಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. 2006ರ ಫೆಬ್ರವರಿಯಲ್ಲಿ, ಆ್ಯಶ್ ಮತ್ತು ಟೈಸನ್ ಫುಡ್ಸ್ ನಡುವಿನ ಈ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ವಿಶೇಷಣವಿಲ್ಲದಿದ್ದ ಮಾತ್ರಕ್ಕೆ ಪದ ಸದಾ ನಿರುಪದ್ರವಿಯಾಗುವುದಿಲ್ಲ. ಹೇಳುವವರ ಉದ್ದೇಶವು ಸಂದರ್ಭ, ಉಚ್ಚಾರದ ಏರಿಳಿತ, ದನಿ, ಸ್ಥಳೀಯ ರೂಢಿ, ಚರಿತ್ರೆಯಲ್ಲಿನ ಬಳಕೆ ಇವುಗಳನ್ನು ಅವಲಂಬಿಸಿರಬಹುದು ಎಂದಿತು. ಪದಚರ್ಚೆ ನಡೆಸುವ ನಮ್ಮಂಥವರು ಬರೆಯಬಹುದಾದ ವಾಕ್ಯವನ್ನು ದೇಶವೊಂದರ ಅತ್ಯುನ್ನತ ನ್ಯಾಯಾಲಯ ಬರೆದಿದೆ. ಪ್ರಕರಣ ಮತ್ತೆ ಕೆಳಗೆ ಹೋಗಿ, ಅಲ್ಲಿ 2010ರಲ್ಲಿ ಆ ಇಬ್ಬರಲ್ಲಿ ಒಬ್ಬರ ವಿರುದ್ಧವಾಗಿ ತೀರ್ಮಾನವಾಯಿತು, 2011ರ ಡಿಸೆಂಬರಿನಲ್ಲಿ ಅದೇ ಪೀಠ ತನ್ನ ನಿಲುವನ್ನು ಬದಲಿಸಿ ಅವರ ಪರವಾಗಿ ತೀರ್ಮಾನಿಸಿತು.

ಅನುವಾದದಲ್ಲಿ ‘ಹುಡುಗ’ ಎಂದರೆ ಪ್ರೀತಿಯ ‘ನಮ್ಮ ಹುಡುಗ’ ನೆನಪಾಗಿ, ದಾವೆ ಏಕೆ ಹೂಡಿದರೋ ಎನಿಸುತ್ತದೆ. ‘ಲೇ ಪೋರಾ’ ಎಂದರೆ ದನಿಯನ್ನೂ ಉದ್ದೇಶವನ್ನೂ ನಾನೇ ನಿರ್ಧರಿಸಿ, ನ್ಯಾಯಾಲಯಗಳು ವರ್ಷಗಟ್ಟಲೆ ಜಗ್ಗಾಡಿದ ಪ್ರಶ್ನೆಗೆ ಅನುವಾದಕನೇ ತೀರ್ಪು ಕೊಟ್ಟಂತಾಗುತ್ತದೆ. ಆದ್ದರಿಂದ ಈ ಪ್ರಕರಣದಲ್ಲಿ ‘ಬಾಯ್’ ಎಂದೇ ಇಟ್ಟಿದ್ದೇನೆ. ಆಫೀಸ್ ಬಾಯ್, ರೂಮ್ ಬಾಯ್, ಡೆಲಿವರಿ ಬಾಯ್ ಎಂದು ನಡುವಯಸ್ಸಿನ ಗಂಡಸರನ್ನೂ ಕರೆಯುವ ನಮ್ಮ ನಗರಗಳಲ್ಲಿ ಈ ಪದದ ತೂಕ ಓದುಗರಿಗೆ ಪೂರ್ತಿ ಅಪರಿಚಿತವಲ್ಲ.

‘ಬಾಯ್’ಗೆ ಎದುರಾಗಿ ನಿಂತ ಪದ ‘ಮ್ಯಾನ್’. 1968ರ ಫೆಬ್ರವರಿಯಲ್ಲಿ ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಪೌರಕಾರ್ಮಿಕರು ಸತ್ತ ನಂತರ ಸುಮಾರು 1,300 ಕಪ್ಪು ಕಾರ್ಮಿಕರು ಮುಷ್ಕರ ಹೂಡಿದರು. ಅವರು ಎದೆಯ ಮೇಲೆ ಹಿಡಿದ ಫಲಕಗಳಲ್ಲಿ ನಾಲ್ಕೇ ಪದಗಳಿದ್ದವು: ‘ಐ ಆ್ಯಮ್ ಎ ಮ್ಯಾನ್’. ಇದನ್ನು ‘ನಾನೂ ಮನುಷ್ಯ’ ಎಂದು ಅನುವಾದಿಸುವ ಆಸೆ ಎಲ್ಲರಿಗೂ ಬರುತ್ತದೆ, ಕನ್ನಡಕ್ಕೆ ಅದು ಅಷ್ಟು ಸಹಜ. ಆದರೆ ಆ ದೀರ್ಘ ‘ಊ’ಕಾರದಲ್ಲಿ ನಿಮ್ಮ ಹಾಗೆಯೇ ಎಂಬ ಕೋರಿಕೆ ಇದೆ. ಗುಲಾಮಗಿರಿ ವಿರೋಧಿಗಳು 1787ರಲ್ಲಿ ಹೊರತಂದ ಪದಕದ ಮೇಲೆ ಸಂಕೋಲೆ ತೊಟ್ಟು ಮಂಡಿಯೂರಿದವನ ಚಿತ್ರದೊಂದಿಗೆ, ನಾನೂ ಮನುಷ್ಯನಲ್ಲವೇ, ಸೋದರನಲ್ಲವೇ ಎಂಬ ಪ್ರಶ್ನೆ ಇತ್ತು. ‘ಊ’ಕಾರ ಅಲ್ಲಿಗೆ ಒಪ್ಪುತ್ತದೆ. ಮೆಂಫಿಸ್ಸಿನವರು ಮಂಡಿಯೂರಲಿಲ್ಲ, ಕೇಳಲಿಲ್ಲ, ಹೇಳಿದರು. ಅದಕ್ಕೆ ‘ನಾನು ಮನುಷ್ಯ’ ಎಂಬ ಬರಿಯ ವಾಕ್ಯವೇ ಬೇಕು. ‘ಬಾಯ್’ ಎಂಬುದರ ಎದುರು ‘ಮ್ಯಾನ್’ ಎಂಬ ವಯಸ್ಕತನದ ಅರ್ಥ ಇದರಲ್ಲಿ ಉಳಿಯುವುದಿಲ್ಲ. ‘ಗಂಡಸು’ ಎಂದರೆ ಮೀಸೆ ತಿರುವುವ ಅರ್ಥ ಬಂದುಬಿಡುತ್ತದೆ. ‘ಆಳಲ್ಲ, ಆಳ್ತನವುಳ್ಳವನು’ ಎಂಬಂಥ ಸುತ್ತುಬಳಸು ಫಲಕಕ್ಕೆ ಹೊಂದುವುದಿಲ್ಲ. ಯಾರಿಗಾದರೂ ಒಂದೇ ಪದ ಹೊಳೆದರೆ ದೊಡ್ಡ ಉಪಕಾರ.

ಇನ್ನು ಒಟ್ಟಾರೆ ವಿಷಯಕ್ಕೆ ಇಡಬೇಕಾದ ಹೆಸರು. ‘ವರ್ಣದ್ವೇಷ’ ನಮ್ಮ ಪತ್ರಿಕೆಗಳಲ್ಲಿ ಹೆಚ್ಚು ಓಡುವ ಪದ. ಅದು ವಿಷಯವನ್ನು ಹೃದಯಕ್ಕೆ, ಭಾವನೆಗೆ ಸೇರಿಸಿಬಿಡುತ್ತದೆ. ದ್ವೇಷವಿಲ್ಲದ ಗುಮಾಸ್ತರೂ ನ್ಯಾಯಾಧೀಶರೂ ದಿನನಿತ್ಯದ ಕೆಲಸವೆಂದು ಮಾಡಿದ್ದನ್ನು ಅದು ಹಿಡಿಯುವುದಿಲ್ಲ. ಬ್ಯಾಂಕು, ಶಾಲೆ, ನಗರಸಭೆಗಳ ನಡೆಯಲ್ಲೇ ಹುದುಗಿರುವ ಭೇದವನ್ನು ವ್ಯಕ್ತಿಗಳ ದ್ವೇಷದಿಂದ ಬೇರ್ಪಡಿಸಿ ಹೆಸರಿಸಬೇಕೆಂದು ಕಪ್ಪು ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ಮತ್ತು ರಾಜಕೀಯ ವಿದ್ವಾಂಸ ಚಾರ್ಲ್ಸ್ ಹ್ಯಾಮಿಲ್ಟನ್ 1967ರಲ್ಲೇ ವಾದಿಸಿದ್ದರು. 2020ರಲ್ಲಿ ಮಿಸ್ಸೌರಿ ರಾಜ್ಯದ ಯುವತಿಯೊಬ್ಬರು ಮೆರಿಯಮ್ ವೆಬ್‌ಸ್ಟರ್ ನಿಘಂಟಿಗೆ ಪತ್ರ ಬರೆದು ಇದೇ ಕೊರತೆಯನ್ನು ತೋರಿಸಿದಾಗ ಸಂಪಾದಕರು ಅರ್ಥನಿರೂಪಣೆಯನ್ನು ಪರಿಷ್ಕರಿಸಲು ಒಪ್ಪಿಕೊಂಡರು. ನಮ್ಮಲ್ಲಿ ‘ವರ್ಣಭೇದ ನೀತಿ’ ಎಂದರೆ ದಕ್ಷಿಣ ಆಫ್ರಿಕಾ ನೆನಪಾಗುತ್ತದೆ, ‘ವರ್ಣ’ ಎಂದರೆ ಚಾತುರ್ವರ್ಣ್ಯವೂ ಬರುತ್ತದೆ. ‘ಜನಾಂಗೀಯ’ ಎಂದರೆ ಕುರುಬ ಜನಾಂಗ, ಒಕ್ಕಲಿಗ ಜನಾಂಗ ಎನ್ನುವ ನಮ್ಮ ಬಳಕೆ ಅಡ್ಡ ಬರುತ್ತದೆ. ಯಾವುದೂ ಶುದ್ಧವಾಗಿ ಉಳಿದಿಲ್ಲ. ವ್ಯವಸ್ಥೆಗೆ ‘ವರ್ಣಭೇದ’, ವ್ಯಕ್ತಿಯ ಭಾವನೆಗೆ ‘ವರ್ಣದ್ವೇಷ’, ಕಾನೂನಿನ ಮಾತಿಗೆ ‘ಜನಾಂಗೀಯ ತಾರತಮ್ಯ’ ಎಂದು ಸದ್ಯಕ್ಕೆ ಹಂಚಿಕೊಂಡಿದ್ದೇನೆ.

ಜನರ ಹೆಸರಿನ ವಿಷಯದಲ್ಲಿ ನನಗೆ ಹೆಚ್ಚು ಸಂದೇಹವಿಲ್ಲ. ನಮ್ಮ ಹಳೆಯ ಪಠ್ಯಗಳ ‘ನೀಗ್ರೋ’ ಈಗ ಅಲ್ಲಿನವರು ತೊರೆದ ಪದ. 2016ರಲ್ಲಿ ಕಾಯ್ದೆಯೊಂದರ ಮೂಲಕ ಅದನ್ನು ಕೇಂದ್ರ ಕಾನೂನುಗಳಿಂದಲೂ ತೆಗೆದರು. ಡುಬಾಯ್ಸ್ ಮುಂತಾದವರ ಹೆಸರು, ಉಲ್ಲೇಖ ಬರುವಲ್ಲಿ ಮಾತ್ರ ಚರಿತ್ರೆಯ ದಾಖಲೆಯಾಗಿ ಉಳಿಸಬಹುದು. ಇಂಗ್ಲಿಷ್ ಬರಹದಲ್ಲಿ ಆ ಪದದ ಮೊದಲಿಗೆ ದೊಡ್ಡಕ್ಷರ (ಕ್ಯಾಪಿಟಲ್) ದೊರಕಿಸಲು ಡುಬಾಯ್ಸ್ ವರ್ಷಗಟ್ಟಲೆ ಹೋರಾಡಿದ್ದರು, 1930ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಪ್ಪಿತು. 2020ರಲ್ಲಿ ‘ಬ್ಲ್ಯಾಕ್’ಗೂ ಅದೇ ಮರ್ಯಾದೆ ಸಂದಿತು. ದೊಡ್ಡಕ್ಷರವೇ ಇಲ್ಲದ ನಮ್ಮ ಲಿಪಿಯಲ್ಲಿ ಅದನ್ನು ತೋರಿಸಲಾಗದು, ಹಾಗಾಗಿ ಸಮುದಾಯದ ಹೆಸರೆಂದು ಸ್ಪಷ್ಟವಾಗುವಂತೆ ‘ಕಪ್ಪು ಅಮೆರಿಕನ್ನರು’ ಎನ್ನುತ್ತಿದ್ದೇನೆ. ‘ಕರಿಯರು’ ಬೇಡ. ‘ಬಿಳಿಯರು’ ಇರುವಾಗ ಅದೂ ಇರಲಿ ಎಂಬ ವಾದವನ್ನು ಬಲ್ಲೆ, ಆದರೆ ‘ಲೇ ಕರಿಯ’ ಎಂದು ಬೈಸಿಕೊಂಡ ಮಕ್ಕಳು ನಮ್ಮ ತರಗತಿಗಳಲ್ಲೇ ಇದ್ದಾರೆ, ಯಲ್ಲಾಪುರ, ಹಳಿಯಾಳಗಳ ಸಿದ್ದಿ ಸಮುದಾಯದ ಕನ್ನಡ ಓದುಗರೂ ಇದ್ದಾರೆ.

ಕೊನೆಯದಾಗಿ ನಿರೂಪಣೆಯ ಪ್ರಶ್ನೆ. ನಮ್ಮ ವರದಿಗಳಲ್ಲಿ ಅಧಿಕಾರಿಗಳಿಗೆ ‘ಅವರು’, ಬಂಧಿತರಿಗೆ ‘ಎಂಬಾತ’, ‘ಎಂಬಾಕೆ’ ಎನ್ನುವ ರೂಢಿ ಬಲವಾಗಿದೆ. ಮಿಸ್ ಹ್ಯಾಮಿಲ್ಟನ್ ಅವರನ್ನು, ಆ ರೂಢಿಯ ಪ್ರಕಾರ, ‘ಮೇರಿ ಹ್ಯಾಮಿಲ್ಟನ್ ಎಂಬಾಕೆಗೆ ನ್ಯಾಯಾಧೀಶರು ಶಿಕ್ಷೆ ವಿಧಿಸಿದರು’ ಎಂದು ಬರೆದರೆ ಗ್ಯಾಡ್ಸ್‌ಡೆನ್ನಿನ ಕೋರ್ಟು ಮಾಡಿದ್ದನ್ನೇ ಕನ್ನಡದ ಪ್ರತ್ಯಯ ಮಾಡುತ್ತದೆ. ನನ್ನ ಕರಡಿನಲ್ಲಿ ಸಾಕ್ಷಿ, ವಕೀಲರು, ನ್ಯಾಯಾಧೀಶರು ಮೂವರಿಗೂ ಬಹುವಚನವನ್ನೇ ಬಳಸಿದ್ದೇನೆ. ವಕೀಲರಿಗೂ ನ್ಯಾಯಾಧೀಶರಿಗೂ ಆ ಗೌರವ ಏಕೆ ಎಂದು ಕೇಳಿದವರಿದ್ದಾರೆ. ನಿರೂಪಕರು ಗೌರವವನ್ನು ಹಂಚುವ ಅಧಿಕಾರ ಹಿಡಿಯಬಾರದು ಎಂಬುದು ನನ್ನ ಉತ್ತರ. ಎಮೆಟ್ ಟಿಲ್‌ಗೆ ಮಾತ್ರ, ಬಾಲಕನೆಂಬ ಕಾರಣಕ್ಕೆ, ಏಕವಚನ ಇಟ್ಟಿದ್ದೇನೆ. ಅದೂ ಬೇಡವೆನ್ನುವವರು ಕಾರಣ ಸಹಿತ ಬರೆಯಬೇಕು. ನಿಮ್ಮ ಊರಿನ ಕಡೆ ಬಸಪ್ಪನನ್ನು ‘ಬಸ್ಯಾ’, ನಿಂಗವ್ವನನ್ನು ‘ನಿಂಗಿ’ ಎಂದು ಹೆಸರು ಮುರಿದು ಕರೆಯುತ್ತಿದ್ದವರು ಯಾರು, ಹಾಗೆ ಕರೆಸಿಕೊಂಡವರು ಯಾರು, ಅದಕ್ಕೆ ಒಂದು ಪದ ಆಡುಮಾತಿನಲ್ಲಿ ಇದೆಯೇ ಎಂಬುದನ್ನೂ ತಿಳಿಸಿ. ಅಂಥ ಪದ ಸಿಕ್ಕರೆ ‘ಮೇರಿ’ ಎಂದು ಕರೆದ ಆ ಕ್ರಿಯೆಗೆ ಅಡಿಟಿಪ್ಪಣಿಯಲ್ಲಿ ಅದನ್ನೇ ಬಳಸುತ್ತೇನೆ.